ಚಿಪ್ಪು ಬದಲಿಸಿ, ಚಿಪ್ ಬಿಸಾಡಬೇಡಿ

ಮಾನ್ಯರೇ,

ಆಯುಧಪೂಜೆಗೆ ಕಾರು ತೊಳೆದು ಮಾವಿನ ಸೊಪ್ಪು ಕಟ್ಟುವಾಗ ರಿಮೋಟ್ ಕೀಗೂ ಅರಿಶಿನ ಕುಂಕುಮ ಹಚ್ಚುವುದು ನಮ್ಮ ಮೈಸೂರಿನಲ್ಲಿ ವಾಡಿಕೆ. ಗುಂಡಿಯ ರಬ್ಬರ್ ಹರಿದಿದ್ದರೆ ಆ ಪುಡಿಯೂ ಒದ್ದೆ ಕೈಯ ನೀರೂ ನೇರ ಒಳಗಿಳಿಯುತ್ತವೆ. ಮಾರನೇ ದಿನ ಬಾಗಿಲು ತೆರೆಯದು. ಆಗ ಸಿಗುವ ಸಲಹೆ ‘ಹೊಸ ಕೀ ಹಾಕಿಸಿ’ ಎಂಬುದೇ. ಅದಕ್ಕೆ ಸಾವಿರಗಟ್ಟಲೆ ಬೇಕು. ಸವೆದಿರುವುದು ಹೊರಗಿನ ಚಿಪ್ಪು ಮಾತ್ರವಾದರೆ, ಅದೊಂದನ್ನೇ ಕೆಲವು ನೂರು ರೂಪಾಯಿಗೆ ತಂದು ಮನೆಯಲ್ಲೇ ಬದಲಿಸಬಹುದು.

ಮೊದಲು ದೋಷ ಎಲ್ಲಿದೆ ಎಂದು ನೋಡಿ. ಅಂಚಿನ ಗೀರಿನಲ್ಲಿ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಮೆಲ್ಲಗೆ ತಿರುವಿದರೆ ಕೀ ಎರಡು ಹೋಳಾಗುತ್ತದೆ. ಬಿಚ್ಚದಿದ್ದರೆ ಬಲ ಹಾಕಬೇಡಿ, ಎಲ್ಲಾದರೂ ಒಂದು ಸ್ಕ್ರೂ ಅಡಗಿರಬಹುದು. ಸೆಲ್ ಮೇಲಿನ ಸಂಖ್ಯೆ ಓದಿಕೊಳ್ಳಿ. ಸಿಆರ್ 2032ರ ದಪ್ಪ 3.2 ಮಿ.ಮೀ., ಸಿಆರ್ 2025ರದ್ದು 2.5 ಮಿ.ಮೀ. ಅಗಲ ಎರಡಕ್ಕೂ 20 ಮಿ.ಮೀ. ಆದ್ದರಿಂದ 2032ರ ಜಾಗದಲ್ಲಿ 2025 ಕೂರುತ್ತದೆ. ಆದರೆ ತೆಳುವಾದದ್ದರಿಂದ ಕೀ ಅಲುಗಿದಾಗಲೆಲ್ಲ ಸಂಪರ್ಕ ತಪ್ಪಬಹುದು. ಹೊಸ ಸೆಲ್ ಮಲ್ಟಿಮೀಟರಿನಲ್ಲಿ 3 ವೋಲ್ಟ್‌ಗಿಂತ ಕೊಂಚ ಮೇಲೆ ತೋರಿಸಬೇಕು.

ಸೆಲ್ ಸರಿಯಿದ್ದೂ ಗುಂಡಿ ಕೆಲಸ ಮಾಡದಿದ್ದರೆ ಒಳಗಿನ ಸರ್ಕ್ಯೂಟ್ ಬೋರ್ಡ್ ಹೊರತೆಗೆದು ಸ್ವಿಚ್ಚನ್ನೇ ಹಲ್ಲುಕಡ್ಡಿಯಿಂದ ಒತ್ತಿ. ಕಾರು ಓಗೊಟ್ಟರೆ ತಪ್ಪು ರಬ್ಬರಿನದು. ‘ಟಕ್’ ಎಂದರೂ ಓಗೊಡದಿದ್ದರೆ ಸ್ವಿಚ್ಚಿನ ಕಾಲಿನ ಬೆಸುಗೆ ಬಿರುಕು ಬಿಟ್ಟಿರಬಹುದು. ಸಣ್ಣ ಮೊನೆಯ ಸೋಲ್ಡರಿಂಗ್ ಕಬ್ಬಿಣ ಎರಡು ಸೆಕೆಂಡು ತಾಗಿಸಿದರೆ ಸಾಕು, ಹೆಚ್ಚು ಹೊತ್ತು ಇಟ್ಟರೆ ಬೋರ್ಡಿನ ತಾಮ್ರದ ಗೆರೆಯೇ ಎದ್ದು ಬರುತ್ತದೆ. ‘ಟಕ್’ ಎನ್ನದೆ ಮೆತ್ತಗಿದ್ದರೆ ಸ್ವಿಚ್ಚೇ ಹೋಗಿದೆ. ಕೊಳೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್. ಪೆಟ್ರೋಲ್, ಥಿನ್ನರ್ ಪ್ಲಾಸ್ಟಿಕ್ಕನ್ನೇ ತಿನ್ನುತ್ತವೆ. ಹರಿದ ರಬ್ಬರಿಗೆ ಫೆವಿಕ್ವಿಕ್ ಹಾಕುವ ಚಾಳಿಯೂ ಬೇಡ. ಅದು ಇಳಿದು ಸ್ವಿಚ್ಚನ್ನು ಕಚ್ಚಿಸಿಬಿಡುತ್ತದೆ.

ಈ ಪತ್ರ ಬರೆಯಲು ನಿಜವಾದ ಕಾರಣ ಇಮ್ಮೊಬಿಲೈಸರ್ ಚಿಪ್, ಅಂದರೆ ಇದು ನಿಮ್ಮದೇ ಕೀ ಎಂದು ಕಾರಿಗೆ ಗುರುತು ಹೇಳಿ ಎಂಜಿನ್ ಹಿಡಿಯಲು ಬಿಡುವ ತುಣುಕು. ಅನೇಕ ಕೀಗಳಲ್ಲಿ ಇದು ಬೋರ್ಡಿನ ಮೇಲಿರುವುದಿಲ್ಲ. ಹುಣಸೆ ಬೀಜದಷ್ಟು ಕರಿ ತುಂಡಾಗಿ, ಇಲ್ಲವೇ ಸಣ್ಣ ಗಾಜಿನ ಕೊಳವೆಯಾಗಿ ಹೊರಚಿಪ್ಪಿನ ಮೂಲೆಯಲ್ಲಿ ಅಂಟಿಕೊಂಡಿರುತ್ತದೆ. ಇದಕ್ಕೆ ಸೆಲ್ ಬೇಡ. ಇಗ್ನಿಷನ್ ಸುತ್ತಲಿನ ಸುರುಳಿಯಿಂದಲೇ ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ಬೋರ್ಡನ್ನಷ್ಟೇ ಹೊಸ ಚಿಪ್ಪಿಗೆ ಸಾಗಿಸಿ ಹಳೆಯದನ್ನು ಕಸದ ಗಾಡಿಗೆ ಹಾಕಿದವರಿಗೆ ಬಾಗಿಲು ತೆರೆಯುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಚಿಪ್ ಬಿಡಿಸಲು ಹೇರ್ ಡ್ರೈಯರಿನಿಂದ ಹಳೆಯ ಹೊರಚಿಪ್ಪನ್ನು ಬೆಚ್ಚಗೆ ಮಾಡಿ, ಸುತ್ತಲಿನ ಪ್ಲಾಸ್ಟಿಕ್ಕನ್ನು ಚೂರು ಚೂರೇ ಕತ್ತರಿಸಿ. ಹೊರಚಿಪ್ಪು ಮುರಿದರೂ ಚಿಂತೆಯಿಲ್ಲ, ಒಳಗಿನ ಚಿಪ್ ಅನ್ನು ಮಾತ್ರ ಮೀಟಿ ಎಬ್ಬಿಸಬೇಡಿ. ಗಾಜಿನದ್ದು ಒಡೆದರೆ ಮುಗಿಯಿತು.

ಮಡಚುವ ಕೀಯಾದರೆ ಅಲಗನ್ನು ಹಿಡಿದ ಪಿನ್ನನ್ನು ತೆಳು ಪಂಚಿನಿಂದ (ಪಿನ್ ತಳ್ಳುವ ಲೋಹದ ಕಡ್ಡಿ) ತಟ್ಟಿ ತೆಗೆದು, ಹಳೆಯ ಅಲಗನ್ನೇ ಹೊಸದಕ್ಕೆ ಕೂರಿಸಿ. ಮುಚ್ಚುವ ಮೊದಲು ಸ್ಪ್ರಿಂಗ್ ತಿರುವಿ ಬಿಗಿ ಕೊಡದಿದ್ದರೆ ಅಲಗು ಅರ್ಧಕ್ಕೇ ನಿಲ್ಲುತ್ತದೆ. ಅಲಗು ಚಿಪ್ಪಿಗೇ ಸೇರಿಕೊಂಡಿದ್ದರೆ ರಸ್ತೆ ಬದಿ ಛತ್ರಿ ಕೆಳಗಿನ ಕೀ ಮಾಡುವವರ ಹತ್ತಿರ ಹೊಸ ಅಲಗು ಕೊಯ್ಯಿಸಬೇಕು.

ತೆಗೆದ ಸೆಲ್ ಮಕ್ಕಳ ಕೈಗೆ ಸಿಗಬಾರದು. ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಡುತ್ತದೆ, ಖಾಲಿಯಾದ ಸೆಲ್ ಕೂಡ. ಎರಡೂ ಮುಖಕ್ಕೆ ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ.

ಚಿಪ್ಪು ಮಾರುವ ಅಂಗಡಿಯವರಲ್ಲಿ ಒಂದು ಕೋರಿಕೆ: ‘ಹಳೆಯದರಲ್ಲಿ ಚಿಪ್ ಇದೆ, ನೋಡಿಕೊಳ್ಳಿ’ ಎಂದು ಬಿಲ್ಲಿನ ಜೊತೆ ಹೇಳಿ. ನೀವೇ ಬದಲಿಸಿ ಕೊಟ್ಟರೆ ಹಳೆಯ ಹೊರಚಿಪ್ಪನ್ನು ಗಿರಾಕಿಗೇ ವಾಪಸ್ ಕೊಡಿ.

– ಒಬ್ಬ ಓದುಗ, ಸರಸ್ವತಿಪುರಂ, ಮೈಸೂರು