ಕೀಮೋ ವಾರ್ಡಿನಲ್ಲಿರುವ ಮಗಳಿಗೆ

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ವಂದನೆ. ಅಳಿಯಂದಿರದು ಎಎಂಎಲ್ ಎಂಬ ರಕ್ತದ ಕ್ಯಾನ್ಸರ್ ಎಂದೂ ಸೋಮವಾರದಿಂದ ‘ಸೆವೆನ್ ಪ್ಲಸ್ ತ್ರೀ’ ಕೀಮೋ ಶುರುವಾಗುತ್ತದೆಂದೂ ನಿನ್ನಮ್ಮ ಹೇಳಿದಳು. ಫೋನಿನಲ್ಲಿ ಹೇಳಿದ್ದು ಆಸ್ಪತ್ರೆಯ ಗಡಿಬಿಡಿಯಲ್ಲಿ ತಲೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಬ್ಯಾಗಿನಲ್ಲಿಟ್ಟುಕೋ.

“ಪ್ರಾರ್ಥನೆ ಸಾಕು, ಆ ವಿಷದ ಔಷಧಿ ಯಾಕೆ?” ಎನ್ನುವವರು ಒಬ್ಬರಾದರೂ ಬಂದೇ ಬರುತ್ತಾರೆ. ಅವರ ಜೊತೆ ವಾದಕ್ಕಿಳಿಯಬೇಡ, ಬಾಗಿಲ ತನಕ ಕಳಿಸಿಕೊಡು. ಈ ಕಾಯಿಲೆಯನ್ನು ಹಾಗೇ ಬಿಟ್ಟರೆ ಉಳಿಯುವುದು ವಾರಗಳು, ಹೆಚ್ಚೆಂದರೆ ಕೆಲವೇ ತಿಂಗಳು. ಹಿಜ್ಕೀಯ ಅರಸನ ಹುಣ್ಣಿಗೆ ಅಂಜೂರದ ಪಟ್ಟಿ ಹಾಕಿಸಿದವನು ಪ್ರವಾದಿ ಯೆಶಾಯನೇ. ಅಪೊಸ್ತಲ ಪೌಲನ ಜೊತೆಗಿದ್ದ ಲೂಕ ವೈದ್ಯ. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರಲ್ಲಿ, ವೆಲ್ಲೂರಿನದು 1900ರಲ್ಲಿ, ಮೈಸೂರಿನ ಮಿಷನ್ ಆಸ್ಪತ್ರೆ 1906ರಲ್ಲಿ ಶುರುವಾದವು. ಅವನ್ನು ಕಟ್ಟಿದವರು ಮೊಣಕಾಲೂರಲು ಮರೆತವರಲ್ಲ. “ವಿಶ್ವಾಸ ಸಾಲದು” ಎಂಬ ಮಾತು ಬಂದರೆ ಪೌಲನ ದೇಹವನ್ನು ಕಾಡಿದ ಮುಳ್ಳನ್ನು ನೆನೆ. ಮೂರು ಸಾರಿ ಬೇಡಿದರೂ ಅದು ಹೋಗಲಿಲ್ಲ. ಪೌಲನಿಗೆ ವಿಶ್ವಾಸ ಕಡಿಮೆಯಿತ್ತು ಎಂದವರನ್ನು ನಾನಂತೂ ಕಂಡಿಲ್ಲ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಬೇರೆ. ಈ ಒಂದು ತಿಂಗಳು ಏನೇನು ಬರುತ್ತದೆಂದು ಮೊದಲೇ ತಿಳಿದುಕೋ. ಇಲ್ಲದಿದ್ದರೆ ಬಂದದ್ದನ್ನೆಲ್ಲ ದೇವರ ಸೂಚನೆಯೆಂದು ಓದತೊಡಗುತ್ತೀ.

ಮೊದಲ 7 ದಿನ ಸೈಟರಬಿನ್ ಹಗಲೂ ರಾತ್ರಿ ಡ್ರಿಪ್‌ನಲ್ಲಿ ಹೋಗುತ್ತದೆ. ಅದರಲ್ಲಿ 3 ದಿನ ಡೌನೊರುಬಿಸಿನ್ ಕೂಡ ಸೇರುತ್ತದೆ. ಎರಡನೆಯದು ಕೆಂಪು ಔಷಧಿ. ಕೊಟ್ಟ ಒಂದೆರಡು ದಿನ ಮೂತ್ರ ಕೆಂಪಗೆ ಹೋದರೆ ಅದು ಔಷಧಿಯ ಬಣ್ಣ. ಔಷಧಿ ನಿಂತು ಎಷ್ಟೋ ದಿನವಾದ ಮೇಲೆ ಕೆಂಪಾದರೆ ಮಾತ್ರ ನರ್ಸಿಗೆ ಹೇಳು. ಔಷಧಿ ಮುಗಿದ ಕೂಡಲೇ ಸುಧಾರಿಸುತ್ತಾರೆಂದು ಎಲ್ಲರೂ ಕಾಯುತ್ತಾರೆ, ಆಗುವುದು ಉಲ್ಟಾ. ಎರಡನೇ, ಮೂರನೇ ವಾರವೇ ಕಷ್ಟದ್ದು. ಮೂಳೆಯ ಮಜ್ಜೆ ಬರಿದಾಗುತ್ತದೆ, ಬರಿದು ಮಾಡುವುದಕ್ಕೇ ಈ ಔಷಧಿ. ಸೋಂಕು ತಡೆಯುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ 500ಕ್ಕಿಂತ ಕೆಳಗಿಳಿಯುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ 10 ಸಾವಿರಕ್ಕೆ ಬರಬಹುದು, ಬಾಯಿ ಹುಣ್ಣಾಗುತ್ತದೆ, ಕೂದಲು ಉದುರುತ್ತದೆ. ರಕ್ತಕಣಗಳ ಎಣಿಕೆ (ಕೌಂಟ್) ಮತ್ತೆ ಏರುವುದು ಸಾಮಾನ್ಯವಾಗಿ ನಾಲ್ಕನೇ ವಾರದ ಹೊತ್ತಿಗೆ. “ಇಷ್ಟು ಪ್ರಾರ್ಥಿಸಿದರೂ ಕೌಂಟ್ ಬಿತ್ತಲ್ಲ” ಎಂದು ಆ ವಾರ ಅಳುವವರೇ ಹೆಚ್ಚು. ಬೀಳಲೇಬೇಕು, ಮಗಳೇ.

ಜ್ವರ ಮಾತ್ರ ಕಾಯುವ ವಿಷಯವಲ್ಲ. 100.4 ಡಿಗ್ರಿ ಮುಟ್ಟಿದರೆ ಮಧ್ಯರಾತ್ರಿಯಾದರೂ ಬೆಲ್ ಒತ್ತು, ಪ್ರಾರ್ಥನೆ ಆಮೇಲೆ. ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಶುರುವಾಗಬೇಕು. ನೀನಾಗಿ ಪ್ಯಾರಾಸಿಟಮಾಲ್ ಕೊಡಬೇಡ, ಜ್ವರ ಮುಚ್ಚಿಹೋಗಿ ಡಾಕ್ಟರಿಗೆ ಗೊತ್ತಾಗದೆ ಹೋಗುತ್ತದೆ. ಇಂಥ ಸೋಂಕು ಬಹಳಷ್ಟು ಸಲ ರೋಗಿಯ ಕರುಳು, ಬಾಯಿಯಲ್ಲಿರುವ ಬ್ಯಾಕ್ಟೀರಿಯಾದಿಂದಲೇ ಬರುತ್ತದೆ. ನನ್ನ ಪಾಪಕ್ಕೆ ಬಂತು, ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದೆಲ್ಲ ನಿನ್ನ ಮೇಲೆ ಎಳೆದುಕೊಳ್ಳಬೇಡ.

ಸಭಾಪಾಲಕರನ್ನು ಸೋಮವಾರಕ್ಕೆ ಮೊದಲೇ ಕರೆಸಿಬಿಡು. ಯಾಕೋಬನ ಪತ್ರಿಕೆ 5:14ರಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಲು ಸಭೆಯ ಹಿರಿಯರನ್ನು ಕರೆಸುವವನು ರೋಗಿಯೇ. ಕರೆಯದೆ ನುಗ್ಗುವ ಗುಂಪಿನ ಮಾತು ಅಲ್ಲಿಲ್ಲ. ಎಣ್ಣೆಯನ್ನು ಹಣೆಗೆ ಒಂದು ಬೆರಳಷ್ಟು ಹಚ್ಚಿದರೆ ಸಾಕು, ಡ್ರಿಪ್ ಲೈನ್ ಹಾಕಿದ ಜಾಗದ ಹತ್ತಿರ ಬೇಡ. ಕೌಂಟ್ ಬಿದ್ದ ಮೇಲೆ ಒಬ್ಬರಿಗಿಂತ ಹೆಚ್ಚು ಜನ ಒಳಗೆ ಬರಬಾರದು. ಬರುವವರು ಕೈ ತೊಳೆದು ಮಾಸ್ಕ್ ಹಾಕಿರಬೇಕು; ನೆಗಡಿ ಇದ್ದರೆ ಫೋನಿನಲ್ಲೇ ಪ್ರಾರ್ಥಿಸಲಿ. ಕರ್ತನ ಭೋಜನ ಕೊಡಿಸುವುದಾದರೆ ಡಾಕ್ಟರನ್ನು ಕೇಳಿಕೋ, ಎಲ್ಲರೂ ಕುಡಿಯುವ ಪಾತ್ರೆ ಬೇಡ. ಹೂವಿನ ಗುಚ್ಛ, ಹೆಚ್ಚಿಟ್ಟ ಹಣ್ಣು, ಮನೆಯಿಂದ ತಂದ ಹಸಿ ಚಟ್ನಿ ಇವೆಲ್ಲ ಬಾಗಿಲಲ್ಲೇ ನಿಲ್ಲಲಿ. ನಿನಗೆ ಹೇಳಲು ಸಂಕೋಚವಾದರೆ ನನ್ನ ಹೆಸರು ಹೇಳು, ದೊಡ್ಡಮ್ಮ ಜೋರು ಅಂತ ಎಲ್ಲರಿಗೂ ಗೊತ್ತೇ ಇದೆ.

ಅಳಿಯಂದಿರ ತಮ್ಮ ರಕ್ತ ಕೊಡಲು ಓಡಿ ಬರುತ್ತಾನೆ. ಡಾಕ್ಟರನ್ನು ಕೇಳದೆ ಕೊಡಿಸಬೇಡ. ಮುಂದೆ ಮಜ್ಜೆ ಕಸಿ ಬೇಕಾದರೆ ಒಡಹುಟ್ಟಿದವರಲ್ಲಿ ಒಬ್ಬೊಬ್ಬರಿಗೂ ಹೊಂದಿಕೆಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈಗಲೇ ಒಡಹುಟ್ಟಿದವರ ರಕ್ತ ಹೋದರೆ ಅಳಿಯಂದಿರ ದೇಹ ಅದಕ್ಕೆ ಪ್ರತಿರೋಧ ಬೆಳೆಸಿಕೊಂಡು ಕಸಿ ನಿಲ್ಲದೆ ಹೋಗಬಹುದು. ರಕ್ತ ಕೊಡಲು ಬೇಕಾಗುವುದು ಸಭೆಯ ಜನ. ಯುವಜನ ಸಂಘದವರಿಗೆ ಪಟ್ಟಿ ಮಾಡಲು ಹೇಳು: 18ರಿಂದ 60 ವಯಸ್ಸು, 50 ಕಿಲೋ ಮೇಲಿನ ತೂಕ, ಮೂರು ದಿನದಿಂದ ಆಸ್ಪಿರಿನ್ ನುಂಗದವರು. ಒಬ್ಬ ದಾನಿಯಿಂದ ಯಂತ್ರದಲ್ಲಿ ಪ್ಲೇಟ್‌ಲೆಟ್ ತೆಗೆಯಲು ಒಂದೂವರೆ-ಎರಡು ಗಂಟೆ ಹಿಡಿಯುತ್ತದೆ. ತೆಗೆದದ್ದು 5 ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ, ಹಾಗಾಗಿ ಎಲ್ಲರೂ ಒಂದೇ ದಿನ ಬಂದರೆ ಪ್ರಯೋಜನವಿಲ್ಲ, ಸರದಿ ಬೇಕು. ಪ್ರಾರ್ಥನೆಯ ವಾಟ್ಸ್ಯಾಪ್ ಗುಂಪಿಗೆ ನೀನು ಬರೆಯುತ್ತಾ ಕೂರಬೇಡ, ಸಂಜೆಗೊಮ್ಮೆ ನಿನ್ನ ತಂಗಿ ಹಾಕಲಿ: ಇಂದಿನ ಕೌಂಟ್ ಎಷ್ಟು, ನಾಳೆ ಯಾರ ಸರದಿ. ಅಳಿಯಂದಿರ ಫೋಟೋ ಮಾತ್ರ ಅವರನ್ನು ಕೇಳದೆ ಯಾರಿಗೂ ಹೋಗಬಾರದು.

ನಿನಗೆ ಪ್ರಾರ್ಥಿಸಲು ಬಾಯಿ ಬರದ ರಾತ್ರಿಗಳೂ ಇರುತ್ತವೆ. ಆಗ ಕೀರ್ತನೆ 13 ಅಥವಾ 130 ತೆಗೆ, ಎರಡೂ ಚಿಕ್ಕವು. ಸಿಟ್ಟು ಬಂದಿದ್ದರೆ 88 ಓದು; ಅದು ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಬೈಬಲಿನಲ್ಲಿದೆ. ಅಳಿಯಂದಿರಿಗೆ ಓದುವ ಮೊದಲು “ಓದಲಾ?” ಎಂದು ಕೇಳು. ಬೇಡ ಅಂದರೆ ಬೇಡ, ಅದಕ್ಕೆ ನೊಂದುಕೊಳ್ಳಬೇಡ. ಉಪವಾಸ ಪ್ರಾರ್ಥನೆ ನಮ್ಮ ಪಾಲಿಗೆ ಬಿಡು. ಸಾಯುತ್ತೇನೆಂದು ಮಲಗಿದ ಪ್ರವಾದಿ ಎಲೀಯನಿಗೆ ದೂತ ಬೋಧನೆ ಮಾಡಲಿಲ್ಲ, ಎಬ್ಬಿಸಿ ರೊಟ್ಟಿ ನೀರು ಕೊಟ್ಟ, ಅವನು ತಿಂದು ಮತ್ತೆ ಮಲಗಿದ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು.

ಇನ್ನೊಂದು. ತಿಂಗಳ ಕೊನೆಗೆ ಮಜ್ಜೆ ಪರೀಕ್ಷೆಯಲ್ಲಿ ‘ರೆಮಿಷನ್’, ಅಂದರೆ ಕಾಯಿಲೆ ಹಿಡಿತಕ್ಕೆ ಬಂದಿದೆ, ಎಂದು ಬಂದರೆ ಸ್ತೋತ್ರ ಮಾಡೋಣ, ಆದರೆ ‘ಪೂರ್ತಿ ಗುಣವಾಯಿತು’ ಎಂದು ಸಾಕ್ಷಿ ಹೇಳಿಸಲು ಯಾರಿಗೂ ಬಿಡಬೇಡ. ಕಣ್ಣಿಗೆ ಕಾಣದ ಕ್ಯಾನ್ಸರ್ ಕಣಗಳು ಉಳಿದಿರುತ್ತವೆ. ಅದಕ್ಕೇ ಮುಂದೆ ಇನ್ನೂ ಕೆಲವು ಸುತ್ತು ಕೀಮೋ, ಇಲ್ಲವೇ ಕಸಿ. ಸಭೆಯ ಮುಂದೆ ಸಾಕ್ಷಿ ಹೇಳಿದ ಮೇಲೆ ಮತ್ತೆ ಆಸ್ಪತ್ರೆಗೆ ಹೋಗಲು ನಾಚಿಕೊಂಡು ಚಿಕಿತ್ಸೆ ಬಿಡುವವರಿದ್ದಾರೆ.

ಮಕ್ಕಳ ಶಾಲೆ, ಊಟ ನಾನು ನೋಡಿಕೊಳ್ಳುತ್ತೇನೆ. ಬುಧವಾರ, ಶನಿವಾರ ರಾತ್ರಿ ವಾರ್ಡಿನಲ್ಲಿ ದೊಡ್ಡಪ್ಪ ಇರುತ್ತಾರೆ, ಆ ಎರಡು ರಾತ್ರಿ ನೀನು ಮನೆಗೆ ಬಂದು ಮಲಗು. ಬೇಡ ಅನ್ನಬೇಡ, ಅವರಾಗಲೇ ಥರ್ಮಾಸ್ ತೊಳೆದಿಟ್ಟಿದ್ದಾರೆ.

ನಿನ್ನ ದೊಡ್ಡಮ್ಮ