ರಾತ್ರಿ ಮೀನಿಗೆ ಹೊಳೆಯುವ ಲೂರ್ ಬೇಡ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಪೂರ್ವ ಕರಾವಳಿಯಲ್ಲಿ ಗಾಳ ಹಾಕುವ ಹವ್ಯಾಸದ ಬಗ್ಗೆ ಬಂದ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಆದರೆ ಸ್ಟ್ರೈಪ್ಡ್ ಬಾಸ್ ಬಗ್ಗೆ ಬರೆದ ಒಂದು ಮಾತು ನೋಡಿ ಸುಮ್ನೆ ಇರಲಾಗಲಿಲ್ಲ. ಈ ಮೀನು ರಾತ್ರಿ ಮೇಲೆ ಬಂದು ತಿನ್ನುವಾಗ ಹೊಳೆಯುವ, ಜೋರಾಗಿ ಸದ್ದು ಮಾಡುವ ಲೂರ್ (ಮೀನನ್ನು ಸೆಳೆಯಲು ಗಾಳದ ದಾರಕ್ಕೆ ಕಟ್ಟುವ ಕೃತಕ ಬೇಟೆ) ಎಸೆಯಬೇಕು, ಇಲ್ಲದಿದ್ದರೆ ಕತ್ತಲಲ್ಲಿ ಅದಕ್ಕೆ ಕಾಣುವುದಿಲ್ಲ ಅಂತ ಲೇಖಕರು ಹೇಳಿದ್ದಾರೆ. ಕೇಳಲು ಸರಿಯಾಗೇ ಇದೆ. ನೀರಿನ ಬಳಿ ನಿಂತರೆ ಮಾತ್ರ ಹೆಚ್ಚುಕಡಿಮೆ ಇದರ ಉಲ್ಟಾ. ಮಕ್ಕಳ ಮನೆಗೆಂದು ಬೇಸಿಗೆಯಲ್ಲಿ ಈ ಕಡೆ ಬರುವ ನಿಮ್ಮ ಓದುಗರು ಬಹಳ ಜನ. ಇಲ್ಲಿ ಇಪ್ಪತ್ತು ಡಾಲರ್ ದಾಟುವ ಲೂರ್‌ಗಳೂ ಇವೆ. ಹಾಗಾಗಿ ಈ ಪತ್ರ.

ನಾನು ಗಂಗೊಳ್ಳಿಯವಳು. ಈಗ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಪಕ್ಕ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಸಂಜೆ ಪಾಳಿ. ಕೆಲಸ ಬಿಡುವಾಗ ರಾತ್ರಿ ಹನ್ನೊಂದು. ಆ ಹೊತ್ತಿಗೆ ಇಲ್ಲಿ ಬಾಗಿಲು ಹಾಕದೇ ಇರುವುದು ಸಮುದ್ರ ಒಂದೇ. ನಮ್ಮ ಯಜಮಾನರೂ ಜೊತೆಗೆ ಬರುತ್ತಾರೆ. ಬಂದು ಮಡಚುವ ಕುರ್ಚಿ ಹಾಕಿಕೊಂಡು ಗೊರಕೆ ಹೊಡೆಯುತ್ತಾರೆ. ಆದರೂ ಕಲ್ಲಿನ ಮೇಲೆ ರಾತ್ರಿ ಒಬ್ಬರೇ ನಿಲ್ಲಬಾರದು ಅನ್ನುವ ನಿಯಮ ಪಾಲಿಸಿದ ಹಾಗಾಯಿತಲ್ಲ.

ಈ ಮೀನು ಹೆಚ್ಚಾಗಿ ಚೆಸಾಪೀಕ್ ಕೊಲ್ಲಿಗೆ ಸೇರುವ ನದಿಗಳಲ್ಲಿ, ಹಡ್ಸನ್ ಮತ್ತು ಡೆಲವೇರ್ ನದಿಗಳಲ್ಲಿ ಮೊಟ್ಟೆ ಇಡುತ್ತದೆ. ಆಮೇಲೆ ಉತ್ತರಕ್ಕೆ ಹೊರಡುತ್ತದೆ. ಮೇ ಹೊತ್ತಿಗೆ ನಮ್ಮ ನ್ಯಾರಗ್ಯಾನ್ಸೆಟ್ ಕೊಲ್ಲಿಯಲ್ಲಿ ಹಾಜರು. ಚಳಿ ಶುರುವಾಗುವ ಮುಂಚೆ ವಾಪಸ್. ಮೈ ಬೆಳ್ಳಿ ಬಣ್ಣ, ಉದ್ದಕ್ಕೆ ಕಪ್ಪು ಗೆರೆಗಳು. ಹಗಲಲ್ಲಿ ಹುಷಾರು ಜಾಸ್ತಿ. ರಾತ್ರಿಯಾದರೆ ಮೊಣಕಾಲುದ್ದದ ನೀರಿಗೂ ಧೈರ್ಯವಾಗಿ ಬರುತ್ತದೆ.

ಕತ್ತಲಲ್ಲಿ ಅದಕ್ಕೆ ಕಾಣುವುದಿಲ್ಲ ಅನ್ನುವುದು ತಪ್ಪು. ಮೀನು ಕೆಳಗಿದೆ, ಲೂರ್ ಮೇಲಿದೆ. ಅದು ನೋಡುವುದು ತಲೆಯೆತ್ತಿ, ಆಕಾಶದ ಕಡೆಗೆ. ಅಮಾವಾಸ್ಯೆಯಲ್ಲೂ ನೀರಿನ ಒಳಗಿಗಿಂತ ಆಕಾಶ ತಿಳಿಯಾಗೇ ಇರುತ್ತದೆ. ಆ ತಿಳಿ ಬೆಳಕಿನ ಎದುರು ಅಚ್ಚುಕಟ್ಟಾಗಿ ಕಾಣುವುದು ಕಪ್ಪು ಲೂರ್. ಹೊಳೆಯುವುದಲ್ಲ. ಅದಕ್ಕೇ ಇಲ್ಲಿನ ಹಳಬರ ಚೀಲ ತೆಗೆದು ನೋಡಿದರೆ ಕಪ್ಪು, ಕಡು ನೇರಳೆ, ಕಡು ಹಸಿರು ಇವೇ. ಬೆಳದಿಂಗಳಿದ್ದರೆ ಬಿಳಿ, ಹಳದಿ ಹಾಕುವವರೂ ಇದ್ದಾರೆ. ನಾನಂತೂ ಬೊಂಡಾಸ್ (ಸ್ಕ್ವಿಡ್) ಬಂದ ರಾತ್ರಿ ಬಿಟ್ಟರೆ ಬಿಳಿ ಮುಟ್ಟುವುದಿಲ್ಲ. ಕಣ್ಣಿನ ಜೊತೆಗೆ ಅದರ ಪಕ್ಕೆಯುದ್ದಕ್ಕೂ ನೀರಿನ ಅಲುಗಾಟ ಹಿಡಿಯುವ ಗೆರೆ ಬೇರೆ ಇದೆ. ಸಣ್ಣಗೆ ನೀರು ಸೀಳಿಕೊಂಡು ಬರುವ ಲೂರ್ ಎಲ್ಲಿದೆ ಅಂತ ಅದಕ್ಕೆ ಕಿರುಚಿ ಹೇಳಬೇಕಾಗಿಲ್ಲ.

ಬಣ್ಣಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ, ಮೀನು ಈಗ ಏನು ತಿನ್ನುತ್ತಿದೆ ಅನ್ನುವುದು. ಅದನ್ನು ಕಿವಿಯಲ್ಲೇ ಅರ್ಧ ತಿಳಿಯಬಹುದು. ಹೋದ ತಕ್ಷಣ ಎಸೆಯಬೇಡಿ. ಹತ್ತು ನಿಮಿಷ ಮಾತಿಲ್ಲದೆ ನಿಲ್ಲಿ. ಬಕೆಟ್ ನೀರಿಗೆ ಬಿದ್ದಂಥ ಸದ್ದು ಕೇಳಿದರೆ ದೊಡ್ಡ ಬೇಟೆ, ಹೆಚ್ಚಾಗಿ ಮೆನ್‌ಹೇಡನ್. ಇದು ನಮ್ಮ ಬೂತಾಯಿಯ ವಂಶದ್ದೇ, ಗಾತ್ರ ಮಾತ್ರ ದೊಡ್ಡದು. ಆಗ ಮೆಟಲ್ ಲಿಪ್ ಅನ್ನುವ ದಪ್ಪ ಮರದ ಲೂರ್ ಸರಿ. ಇದರಲ್ಲಿ ಡ್ಯಾನಿ ಅನ್ನುವುದು ಹೆಸರುವಾಸಿ. ಮೂತಿಯಲ್ಲಿ ತಗಡಿನ ತುಟಿ ಇರುತ್ತದೆ, ನಿಧಾನಕ್ಕೆ ಎಳೆದರೆ ಮೇಲೇ ತೇಲುತ್ತಾ ಹೊರಳಾಡುತ್ತಾ ಬರುತ್ತದೆ. ಟಪ್ ಟಪ್ ಅಂತ ಚಿಕ್ಕ ಸದ್ದಾದರೆ ಸಿಲ್ವರ್‌ಸೈಡ್ ಅನ್ನುವ ಬೆರಳುದ್ದದ ಮೀನು ಇರಬಹುದು. ಅದಕ್ಕೆ ಮಿನ್ನೋ ಅನ್ನುವ, ಮರಿಮೀನಿನ ಆಕಾರದ ಸಣಕಲು ಪ್ಲಾಸ್ಟಿಕ್ ಲೂರ್ ಸಾಕು. ಅದರಲ್ಲಿ ನನಗೆ ರೆಡ್‌ಫಿನ್ ಅನ್ನುವುದು ಇಷ್ಟ. ಗಾಳದ ರಾಡಿನ ತುದಿ ಎತ್ತಿ ಹಿಡಿದು ದಾರ ನಿಧಾನ ಸುತ್ತಿದರೆ ಅದು ಮುಳುಗದೆ, ನೀರ ಮೇಲೆ ಬಾಣದ ತುದಿಯಂಥ ಗೆರೆ ಬಿಡುತ್ತಾ ಬರುತ್ತದೆ.

ತಲೆ ಕೆಡಿಸುವುದು ಮೂರನೇ ಸದ್ದು. ಯಾರೋ ಬಿಸಿ ಕಾಫಿಯನ್ನು ಸೊರ್ರನೆ ಹೀರಿದ ಹಾಗೆ. ಸುತ್ತ ಎಲ್ಲ ಕಡೆಯಿಂದ ಕೇಳುತ್ತದೆ, ಎಸೆದ ಒಂದು ಲೂರನ್ನೂ ಮೀನು ಮುಟ್ಟುವುದಿಲ್ಲ. ಮೇ, ಜೂನ್‌ನಲ್ಲಿ ಚಾರ್ಲ್ಸ್‌ಟೌನಿನ ನಿನಿಗ್ರೆಟ್ ಪಾಂಡ್ ಅನ್ನುವ ಉಪ್ಪುನೀರಿನ ಹಿನ್ನೀರಲ್ಲಿ ಇದನ್ನು ನೋಡಬೇಕು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಕೆಸರಿನಲ್ಲಿದ್ದ ಕೆಂಪು ಹುಳುಗಳು ಮರಿ ಮಾಡಲು ಸಾವಿರಗಟ್ಟಲೆ ಮೇಲೆ ಬರುತ್ತವೆ. ಹೆಚ್ಚಿನವು ಬೆರಳಿಗಿಂತ ಚಿಕ್ಕವು, ಗಿರಗಿರ ಸುತ್ತುತ್ತಾ ಈಜುತ್ತವೆ. ಮೊಣಕೈ ಉದ್ದದ ಬಾಸ್ ಕೂಡ ಆ ಹುಳುವನ್ನೇ ಹೀರುತ್ತಾ ಅಡ್ಡಾಡುತ್ತದೆ. ಅಲ್ಲಿ ಗೇಣುದ್ದದ ಹೊಳೆಯುವ ಲೂರ್ ಎಸೆದರೆ ಮೀನು ಓಡಿಹೋಗುತ್ತದೆ, ಅಷ್ಟೇ. ಮುಂದೆ ಭಾರಕ್ಕೆ ಮರದ ಬೆಂಡು, ಅದರ ಹಿಂದೆ ಮೊಳದಷ್ಟು ದಾರ, ತುದಿಯಲ್ಲಿ ಒಂದು ಚಿಕ್ಕ ಕೆಂಪು ಫ್ಲೈ, ಅಂದರೆ ಹುಳುವಿನಂತೆ ಕಾಣಲು ನೂಲು, ಗರಿ ಸುತ್ತಿದ ಕೊಕ್ಕೆ. ಎಸೆದು ಎಳೆಯುತ್ತೀರೋ ಇಲ್ಲವೋ ಅನ್ನುವಷ್ಟು ನಿಧಾನ.

ಸ್ಯಾಂಡ್ ಈಲ್ ಅನ್ನುವ ತೆಳ್ಳನೆ ಮೀನು ಬಂದಾಗಲೂ ಹೀಗೇ. ಅದಕ್ಕೆ ನೀಡಲ್‌ಫಿಶ್ ಲೂರ್. ಅಂಗಡಿಯಲ್ಲಿ ನೋಡಿದರೆ ಇದಕ್ಕೆ ಯಾಕೆ ದುಡ್ಡು ಕೊಡಬೇಕು ಅನಿಸುತ್ತದೆ. ತುಟಿ ಇಲ್ಲ, ಬಾಲ ಆಡುವುದಿಲ್ಲ, ಒಳಗೆ ಗಿಲಕಿ ಇಲ್ಲ. ನೇರವಾದ ಕಡ್ಡಿ. ಎಳೆದರೆ ಕಡ್ಡಿಯಾಗೇ ಬರುತ್ತದೆ. ಕತ್ತಲ ರಾತ್ರಿಗೆ ನನ್ನ ಮೊದಲ ಆಯ್ಕೆ ಅದೇ, ಕಪ್ಪು ಬಣ್ಣದ್ದು.

ಇದರ ಇನ್ನೊಂದು ಉಪಯೋಗ ಗಂಗೊಳ್ಳಿಯವರಿಗೆ ಬೇಗ ಅರ್ಥವಾಗುತ್ತದೆ. ಬೇಸಿಗೆ ಕೊನೆಯ ಕೆಲವು ರಾತ್ರಿ ಇಲ್ಲಿನ ನೀರಲ್ಲಿ ಕೈ ಆಡಿಸಿದರೆ ಹಸಿರು ಬೆಳಕು ಬರುತ್ತದೆ. ಸೂಕ್ಷ್ಮ ಜೀವಿಗಳ ಕೆಲಸ. ನಮ್ಮೂರ ಹಿರಿಯರು ಕತ್ತಲಲ್ಲಿ ಈ ಹೊಳಪು ನೋಡಿಯೇ ಬೂತಾಯಿ ಹಿಂಡು ಎಲ್ಲಿದೆ ಅಂತ ಹೇಳುತ್ತಿದ್ದರು. ಅಂಥ ನೀರಲ್ಲಿ ಕುಣಿಯುವ ಲೂರ್ ಎಳೆದರೆ ಅದರ ಸುತ್ತ ಪಟಾಕಿ ಹೊಡೆದಷ್ಟು ಬೆಳಕು. ಒಂಟಿ ಮರಿಮೀನು ಈಜಿದರೆ ಅಷ್ಟೊಂದು ಬೆಳಕು ಬರುವುದಿಲ್ಲ ಅಲ್ವಾ? ನೀಡಲ್‌ಫಿಶ್ ನೀರನ್ನು ಕಲಕುವುದೇ ಕಮ್ಮಿ. ಹಾಗಾಗಿ ಅಂಥ ರಾತ್ರಿ ಅದೇ ಗೆಲ್ಲುತ್ತದೆ. ನಿಮ್ಮ ಲೇಖಕರ ಸಲಹೆ ಪೂರ್ತಿ ಕೈಕೊಡುವುದೂ ಅಂಥ ರಾತ್ರಿಯಲ್ಲೇ.

ಸೇತುವೆ ದೀಪದ ಕೆಳಗಿನ ಆಟ ಬೇರೆ. ದೀಪದ ಬೆಳಕು ನೀರಿಗೆ ಬಿದ್ದು ಸೇತುವೆಯ ನೆರಳಿನ ಅಂಚು ಗೆರೆ ಎಳೆದಂತೆ ಕಾಣುತ್ತದೆ. ಬಾಸ್ ಆ ಗೆರೆಯ ಕತ್ತಲ ಬದಿಯಲ್ಲಿ, ಹರಿವಿಗೆ ಮುಖ ಮಾಡಿ ನಿಂತಿರುತ್ತದೆ. ಬೆಳಕಲ್ಲಿ ತೇಲಿಬರುವ ಮರಿಮೀನು ಗೆರೆ ದಾಟುವ ಕ್ಷಣಕ್ಕೆ ಅದರ ಮೇಲೆ ಹಾರುತ್ತದೆ. ಲೂರನ್ನು ಮೀನಿನ ತಲೆಯ ಮೇಲೆ ಎಸೆದರೆ ಕೆಲಸ ಕೆಟ್ಟಿತು. ಮೇಲ್ಹರಿವಿನ ಬೆಳಕಿಗೆ ಎಸೆಯಬೇಕು. ದಾರ ಸಡಿಲವಾಗದಷ್ಟು ಮಾತ್ರ ಸುತ್ತುತ್ತಾ, ಹರಿವೇ ಅದನ್ನು ನೆರಳಿಗೆ ತರಲಿ ಅಂತ ಬಿಡಬೇಕು. ಅಲ್ಲಿ ನಾನು ಕಪ್ಪು ಸ್ಲಗೋ ಹಾಕುತ್ತೇನೆ, ಮೆತ್ತಗಿನ ರಬ್ಬರ್ ಹಾವುಮೀನಿನ ಥರದ್ದು. ಸೊಂಯ್ ಅಂತ ನೀರು ಒಡೆದ ಸದ್ದು ಬಂದ ತಕ್ಷಣ ರಾಡ್ ಎಳೆಯಬೇಡಿ. ಎಷ್ಟೋ ಸಲ ಅದು ಬರೀ ಬಾಲದ ಪೆಟ್ಟು. ಕೈಗೆ ಭಾರ ಬಂದ ಮೇಲೆ ಎಳೆಯಿರಿ.

ಹಗಲಲ್ಲಿ, ನಸುಕಿನಲ್ಲಿ ನೀರು ಉಗುಳುವ ಪಾಪ್ಪರ್ ಅನ್ನುವ ಲೂರ್‌ಗೆ ಈ ಮೀನು ಎಗರಿ ಬೀಳುತ್ತದೆ ಅನ್ನುವುದು ನಿಜ. ಲೇಖಕರು ಅದನ್ನು ನೋಡಿ ರಾತ್ರಿಗೂ ಅನ್ವಯಿಸಿರಬೇಕು. ರಾತ್ರಿಗೆ ಒಂದೇ ಸಮನೆ, ನಿಧಾನ. 1982ರಲ್ಲಿ ಅಟ್ಲಾಂಟಿಕ್ ಸಿಟಿಯ ಕಲ್ಲುದಂಡೆಯಿಂದ ಆಲ್ ಮ್ಯಾಕ್‌ರೆನಾಲ್ಡ್ಸ್ ಅನ್ನುವವರು ಹಿಡಿದ ಬಾಸ್ 78 ಪೌಂಡ್ 8 ಔನ್ಸ್, ಅಂದರೆ 35 ಕಿಲೊ ಮೀರಿದ್ದು. 2011ರವರೆಗೆ ಅದೇ ವಿಶ್ವದಾಖಲೆ. ಬಿರುಗಾಳಿಯ ರಾತ್ರಿ, ರೆಬೆಲ್ ಕಂಪನಿಯ, ಗೇಣೂ ಇಲ್ಲದ ಒಂದು ಮಿನ್ನೋಗೆ ಬಿದ್ದ ಮೀನು ಅದು.

ಲೇಖನದಲ್ಲಿ ಇಲ್ಲದೇ ಇದ್ದದ್ದು ಕಾನೂನಿನ ವಿಷಯ. ಇದನ್ನು ದಯವಿಟ್ಟು ಮುಂದಿನ ವಾರ ಹಾಕಿ. ಅಟ್ಲಾಂಟಿಕ್ ಕರಾವಳಿಯ ಮೀನುಗಾರಿಕೆ ಆಯೋಗ 2023ರಲ್ಲಿ ತುರ್ತಾಗಿ ಮಿತಿ ಬಿಗಿ ಮಾಡಿತು. ಸಮುದ್ರ ತೀರದಲ್ಲಿ ದಿನಕ್ಕೆ ಒಬ್ಬರಿಗೆ ಒಂದೇ ಮೀನು. ಅದೂ 28ರಿಂದ 31 ಇಂಚಿನ ಒಳಗಿನದು, ಅಂದರೆ ಹೆಚ್ಚುಕಡಿಮೆ 71ರಿಂದ 79 ಸೆಂಟಿಮೀಟರ್. ಅದಕ್ಕಿಂತ ಚಿಕ್ಕದನ್ನೂ ಬಿಡಬೇಕು, ದೊಡ್ಡದನ್ನೂ ಬಿಡಬೇಕು. ದೊಡ್ಡವು ಹೆಚ್ಚಾಗಿ ಮೊಟ್ಟೆ ಇಡುವ ಹೆಣ್ಣುಗಳು. 1980ರ ದಶಕದಲ್ಲಿ ಈ ಮೀನು ಎಷ್ಟು ಕಮ್ಮಿಯಾಯಿತೆಂದರೆ ಮೇರಿಲ್ಯಾಂಡ್ ರಾಜ್ಯ 1985ರಿಂದ ಐದು ವರ್ಷ ಹಿಡಿಯುವುದನ್ನೇ ನಿಲ್ಲಿಸಿತ್ತು. ನಿಯಮ ಬದಲಾಗುತ್ತಾ ಇರುತ್ತದೆ, ಬರುವ ಮುಂಚೆ ಆಯಾ ರಾಜ್ಯದ ಇಲಾಖೆಯ ಪುಟ ನೋಡಿಕೊಳ್ಳಿ. ಉಪ್ಪುನೀರಿಗೆ ಲೈಸೆನ್ಸ್ ಬೇಕು, ಆನ್‌ಲೈನಲ್ಲೇ ಸಿಗುತ್ತದೆ.

ಹಿಡಿದ ಹೆಚ್ಚಿನ ಮೀನನ್ನು ಬಿಡಲೇಬೇಕು ಅಂದಮೇಲೆ ಲೂರ್ ಆಯ್ಕೆಯಲ್ಲಿ ಕೊಕ್ಕೆಯೂ ಸೇರುತ್ತದೆ. ಅಂಗಡಿಯಿಂದ ಬರುವ ಲೂರಿಗೆ ಮೂರು ಮೊನೆಯ ಕೊಕ್ಕೆ ಎರಡೋ ಮೂರೋ ಇರುತ್ತವೆ. ಕತ್ತಲಲ್ಲಿ, ಜಾರುವ ಕಲ್ಲಿನ ಮೇಲೆ, ಒದ್ದಾಡುವ ಮೀನಿನ ಬಾಯಿಂದ ಅವನ್ನು ಬಿಡಿಸುವಾಗ ಒಂದು ಮೀನಿನ ಕಣ್ಣಿಗೆ, ಇನ್ನೊಂದು ನಿಮ್ಮ ಹೆಬ್ಬೆರಳಿಗೆ. ನಾನು ತಂದ ದಿನವೇ ಅವನ್ನು ಕಿತ್ತು ಒಂಟಿ ಕೊಕ್ಕೆ ಹಾಕುತ್ತೇನೆ. ಕೊಕ್ಕೆಯ ಮೊನೆಯ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡುತ್ತೇನೆ. ಕೊಕ್ಕೆ ಬದಲಿಸಿದ ಮೇಲೆ ಲೂರ್ ಮೊದಲಿನ ಹಾಗೇ ತೇಲುತ್ತದಾ ಅಂತ ಬಾತ್‌ಟಬ್ಬಿನಲ್ಲಿ ನೋಡಿಬಿಡಿ, ಯಾಕೆಂದರೆ ಭಾರ ಕಮ್ಮಿಯಾದರೆ ಕೆಲವು ಮಗುಚಿಕೊಳ್ಳುತ್ತವೆ. ಮನೆಯಲ್ಲಿ ಇದಕ್ಕೆ ನಗುವವರಿದ್ದಾರೆ, ನಗಲಿ.

ನಿಮ್ಮ ಲೇಖಕರು ಮತ್ತೆ ಈ ಕಡೆ ಬರುವುದಾದರೆ ಮೇ ಕೊನೆಗೆ ಬರಲಿ. ಲೂರ್ ನಾನೇ ಕೊಡುತ್ತೇನೆ. ತಲೆಗೆ ಕಟ್ಟುವ ದೀಪ ಮಾತ್ರ ಕೆಂಪು ಬೆಳಕಿನದು ತರಲಿ, ಅದನ್ನೂ ನೀರಿನ ಕಡೆ ತಿರುಗಿಸುವುದು ಬೇಡ.

ಇತಿ,
ಗಂಗೊಳ್ಳಿ ಮೂಲದ ಓದುಗಿ, ರೋಡ್ ಐಲೆಂಡ್