ಆ ಚಿತ್ರ ಲಂಡನ್ನಿನದಲ್ಲ, ಕೋಲ್ಕತ್ತದ್ದು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ ಕುರಿತ ಲೇಖನದ ಜೊತೆ ಅಚ್ಚಾದ ಚಿತ್ರ ಕೋಲ್ಕತ್ತದ ಸೇಂಟ್ ಪಾಲ್ ಕೆಥೆಡ್ರಲ್‌ನದು. ಲಂಡನ್ನಿನದಕ್ಕೆ ಗುಮ್ಮಟವಿದೆ. ಚಿತ್ರದಲ್ಲಿರುವುದು ಮೂಲೆಗಳಲ್ಲಿ ಮೊನೆ ಎದ್ದ ಚೌಕ ಗೋಪುರ. ಹೆಸರು ಒಂದೇ ಆದ್ದರಿಂದ ಆದ ಅದಲುಬದಲು ಎಂದು ಸುಮ್ಮನಿರಬಹುದಿತ್ತು. ಆದರೆ ಲೇಖನವೂ ಕೋಲ್ಕತ್ತ, ಮೆಲ್ಬರ್ನ್‌ಗಳ ಕೆಥೆಡ್ರಲ್‌ಗಳನ್ನು ಲಂಡನ್ನಿನ ‘ನಕಲು’ ಎಂದಿದೆ. ರೋಮ್‌ನ ಸೇಂಟ್ ಪಾಲ್ ಬೆಸಿಲಿಕವನ್ನು (ಬೆಸಿಲಿಕ ಎಂದರೆ ವಿಶೇಷ ಮಾನ್ಯತೆಯ ಚರ್ಚ್) ‘ಮೂಲ ಕೆಥೆಡ್ರಲ್’ ಎಂದಿದೆ. ಎರಡೂ ತಪ್ಪು.

ರೋಮ್‌ನದನ್ನು ಮೊದಲು ಮುಗಿಸೋಣ. ಕೆಥೆಡ್ರಲ್ ಎಂದರೆ ದೊಡ್ಡ ಚರ್ಚ್ ಎಂದಲ್ಲ. ಬಿಷಪ್ಪರ ಪೀಠ, ಅಂದರೆ ‘ಕೆಥೆಡ್ರ’, ಎಲ್ಲಿದೆಯೋ ಅದು ಕೆಥೆಡ್ರಲ್. ನಮ್ಮ ಕಥೋಲಿಕರು ಇದನ್ನು ಪ್ರಧಾನಾಲಯ ಎನ್ನುತ್ತಾರೆ, ಅರ್ಥ ಅದರಲ್ಲೇ ಸ್ಪಷ್ಟವಾಗಿದೆ. ರೋಮ್‌ನ ಬಿಷಪ್ ಎಂದರೆ ಪೋಪ್. ಅವರ ಪೀಠವಿರುವುದು ಲ್ಯಾಟರನ್‌ನ ಸೇಂಟ್ ಜಾನ್ ಬೆಸಿಲಿಕದಲ್ಲಿ. ಜಗತ್ತೆಲ್ಲ ನೋಡಲು ಹೋಗುವ ಸೇಂಟ್ ಪೀಟರ್ ಬೆಸಿಲಿಕ ಕೂಡ ಈ ಲೆಕ್ಕದಲ್ಲಿ ಕೆಥೆಡ್ರಲ್ ಅಲ್ಲ! ಊರಿನ ಹಳೆಯ ಕೋಟೆಯಾಚೆ ಇರುವ ಸೇಂಟ್ ಪಾಲ್ ಬೆಸಿಲಿಕಕ್ಕೆ ಇರುವ ಮಹತ್ವ ಬೇರೆ: ಸೇಂಟ್ ಪಾಲ್, ಅಂದರೆ ಸಂತ ಪೌಲರ ಸಮಾಧಿ ಅಲ್ಲಿದೆ ಎಂಬುದು ಪರಂಪರೆಯ ನಂಬಿಕೆ. ಇಂದು ಕಾಣುವುದು ಪ್ರಾಚೀನ ಕಟ್ಟಡವೂ ಅಲ್ಲ. 1823ರ ಜುಲೈನಲ್ಲಿ ಸೂರಿನ ಸೀಸದ ಕೆಲಸ ಮಾಡುತ್ತಿದ್ದವರು ಬಿಟ್ಟುಹೋದ ಕೆಂಡದಿಂದ ಹಳೆಯದರ ಬಹುಭಾಗ ಸುಟ್ಟುಹೋಯಿತು. ಮತ್ತೆ ಕಟ್ಟಿದ್ದನ್ನು 1854ರಲ್ಲಿ ಪೋಪ್ ಒಂಬತ್ತನೆಯ ಪಿಯುಸ್ ಪ್ರತಿಷ್ಠಾಪಿಸಿದರು.

ಇನ್ನು ‘ನಕಲು’ ಎಂಬ ಮಾತು. ಪಾಲಕ ಸಂತನ ಹೆಸರು ಕಟ್ಟಡಕ್ಕೆ ಹಬ್ಬವನ್ನು ಕೊಡುತ್ತದೆ, ಶಿಲ್ಪ ಮತ್ತು ವರ್ಣಚಿತ್ರಗಳಿಗೆ ವಸ್ತುವನ್ನು ಕೊಡುತ್ತದೆ, ನಕ್ಷೆಯನ್ನು ಕೊಡುವುದಿಲ್ಲ. ಪೌಲರಿಗೆ ಕತ್ತಿ ಮತ್ತು ಪುಸ್ತಕ ಗುರುತು. ಜನವರಿ 25 ಅವರ ಮನಪರಿವರ್ತನೆಯ ಹಬ್ಬ: ಕ್ರೈಸ್ತರನ್ನು ಹಿಂಸಿಸಲು ದಮಸ್ಕಕ್ಕೆ ಹೊರಟವರು ದಾರಿಯಲ್ಲೇ ಕ್ರಿಸ್ತನನ್ನು ನಂಬಿದ ನೆನಪು. ಲಂಡನ್ನಿನ ಪಶ್ಚಿಮ ಮುಖದ ತ್ರಿಕೋನ ಹಣೆಯಲ್ಲಿ ಫ್ರಾನ್ಸಿಸ್ ಬರ್ಡ್ ಕೆತ್ತಿದ್ದು ದಮಸ್ಕದ ದಾರಿಯ ಆ ಪ್ರಸಂಗವನ್ನೇ. ಮಾಲ್ಟಾದ ಮ್‌ದಿನಾದಲ್ಲಿ ಮತ್ತಿಯಾ ಪ್ರೇತಿ ಬರೆದ ಬಲಿಪೀಠದ ಚಿತ್ರದ್ದೂ ಅದೇ ವಸ್ತು. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ.

ಲಂಡನ್ನಿನಲ್ಲಿ ಪೌಲರ ಹೆಸರಿನ ಮೊದಲ ಕೆಥೆಡ್ರಲ್ ಎದ್ದದ್ದು 604ರಲ್ಲಿ. ಮಧ್ಯಯುಗದ ದೊಡ್ಡ ಕಟ್ಟಡ 1561ರ ಸಿಡಿಲಿಗೆ ಶಿಖರ ಕಳೆದುಕೊಂಡಿತು, 1666ರ ಮಹಾಬೆಂಕಿಯಲ್ಲಿ ಪೂರ್ತಿ ಹಾಳಾಯಿತು. ದುರಸ್ತಿಗೆಂದು ಸುತ್ತ ಕಟ್ಟಿದ್ದ ಮರದ ಸಾರವೆಯೇ ಬೆಂಕಿಗೆ ಏಣಿಯಾಯಿತು. ಈಗಿನದನ್ನು ವಾಸ್ತುಶಿಲ್ಪಿ ಕ್ರಿಸ್ಟೊಫರ್ ರೆನ್ 1675ರಲ್ಲಿ ಶುರುಮಾಡಿದರು. ಹಣ ಬಂದದ್ದು ಬಹುಮಟ್ಟಿಗೆ ಲಂಡನ್ ಬಂದರಿಗೆ ಬರುವ ಕಲ್ಲಿದ್ದಲಿನ ಸುಂಕದಿಂದ. ತುದಿಯ ಕಲ್ಲು ಕೂತದ್ದು 1708ರಲ್ಲಿ.

ಇಲ್ಲಿ ನೋಡಬೇಕಾದ್ದು ಗುಮ್ಮಟದ ಹೊಟ್ಟೆಯನ್ನು. ಹೊರಗಿನಿಂದ ಕಾಣುವುದು ಒಂದು ಗುಮ್ಮಟ, ಒಳಗಿರುವುದು ಮೂರು ಚಿಪ್ಪು. ಊರಿನ ಮನೆಮಾಡುಗಳ ಮೇಲೆ ಎದ್ದು ಕಾಣಲು ಹೊರಗುಮ್ಮಟ ತುಂಬ ಎತ್ತರವಿರಬೇಕು. ಶಿಲುಬೆಯ ತುದಿಗೆ ಅದು 111 ಮೀಟರ್. ಅದೇ ಎತ್ತರವನ್ನು ಒಳಗೂ ತೆರೆದಿಟ್ಟರೆ ಕೆಳಗೆ ನಿಂತವರಿಗೆ ಬಾವಿಯ ತಳದಿಂದ ಮೇಲೆ ನೋಡಿದ ಹಾಗಾಗುತ್ತದೆ. ಅದಕ್ಕೇ ಒಳಗೆ ತಗ್ಗಿನ ಇಟ್ಟಿಗೆಯ ಗುಮ್ಮಟ ಬೇರೆ, ಹೊರಗೆ ಸೀಸದ ಹಾಳೆ ಹೊದ್ದ ಮರದ ಗುಮ್ಮಟ ಬೇರೆ. ಆದರೆ ನೆತ್ತಿಯ ಮೇಲೆ ಸುಮಾರು 850 ಟನ್ ತೂಕದ ಕಲ್ಲಿನ ಮಂಟಪವಿದೆ. ಮರ ಅದನ್ನು ಹೊರಲಾರದು. ಆದ್ದರಿಂದ ಎರಡರ ನಡುವೆ, ಯಾರ ಕಣ್ಣಿಗೂ ಬೀಳದ ಹಾಗೆ, ಬರೀ ಒಂದೂವರೆ ಅಡಿ ದಪ್ಪದ ಇಟ್ಟಿಗೆಯ ಶಂಕುವನ್ನು ಎಬ್ಬಿಸಿದರು. ಭಾರ ಹೊರುವುದು ಈ ಶಂಕು. ಇಷ್ಟು ತೆಳುವಾದರೂ ಸಾಕಾಗಲು ಕಾರಣ ಅದರ ಆಕಾರ. ಇಳಿಬಿಟ್ಟ ಸರಪಳಿ ತಾಳುವ ಬಾಗನ್ನೇ ತಲೆಕೆಳಗು ಮಾಡಿದರೆ ಕಮಾನಿಗೆ ಸರಿಯಾದ ರೂಪ ಸಿಗುತ್ತದೆ ಎಂದು ರೆನ್ ಅವರ ಗೆಳೆಯ, ವಿಜ್ಞಾನಿ ರಾಬರ್ಟ್ ಹುಕ್ ಆ ಕಾಲದಲ್ಲೇ ಕಂಡುಕೊಂಡಿದ್ದರು. ಶಂಕುವಿನ ಬುಡ ಹೊರಕ್ಕೆ ತಳ್ಳುತ್ತದೆ. ಪೀಪಾಯಿಗೆ ಬಿಗಿದ ಪಟ್ಟಿಯಂತೆ ಸುತ್ತ ಕಬ್ಬಿಣದ ಸರಪಳಿ ಹಾಕಿ ಅದನ್ನು ತಡೆದರು.

ಪಕ್ಕದ ಗೋಡೆಗಳಲ್ಲೂ ಒಂದು ಕಣ್ಕಟ್ಟಿದೆ. ಎರಡು ಅಂತಸ್ತಿನಂತೆ ಕಾಣುವ ಹೊರಗೋಡೆಯ ಮೇಲಂತಸ್ತಿನ ಹಿಂದೆ ಕೋಣೆಗಳಿಲ್ಲ, ಬರಿ ಬಯಲು. ನಡುಅಂಕಣಕ್ಕೆ ಆಸರೆ ಕೊಟ್ಟ ಗಾಥಿಕ್ (ಮಧ್ಯಯುಗದ ಯುರೋಪಿನ ಮೊನಚು ಕಮಾನಿನ ಶೈಲಿ) ಬಗೆಯ ಆನಿಕೆ ಕಮಾನುಗಳನ್ನು ಆ ಗೋಡೆ ಮರೆಮಾಡಿದೆ. ಸುಳ್ಳು ಗೋಡೆ ಎಂದು ಟೀಕಿಸಿದವರಿದ್ದಾರೆ. ಆದರೆ ಅದರ ತೂಕವೂ ಕಮಾನುಗಳ ತಳ್ಳುವಿಕೆಗೆ ಎದುರು ನಿಲ್ಲುತ್ತದೆ ಎಂಬುದನ್ನು ನೋಡಿದರೆ ಅದು ದಂಡದ ಖರ್ಚಲ್ಲ.

ತಪ್ಪಿದ್ದು ಕೆಳಗೆ. ಗುಮ್ಮಟ ಹೊತ್ತ ಎಂಟು ದಪ್ಪ ಕಂಬಗಳ ಮೈಗೆ ನುಣ್ಣಗೆ ಕಡೆದ ಪೋರ್ಟ್‌ಲ್ಯಾಂಡ್ ಕಲ್ಲು, ಹೊಟ್ಟೆಗೆ ಮಾತ್ರ ಗಾರೆಯಲ್ಲಿ ತುಂಬಿದ ಜಲ್ಲಿಕಲ್ಲು. ಗಾರೆ ಒಣಗಿ ಒಳಭಾಗ ಕುಗ್ಗಿದಾಗ ಭಾರವೆಲ್ಲ ಗಟ್ಟಿಯಾದ ಹೊರಕಲ್ಲಿನ ಮೇಲೆ ಬಿತ್ತು. ಕಲ್ಲು ಬಿರಿದು ಚಕ್ಕೆ ಎದ್ದಿತು. ಕಲ್ಲುಗಳನ್ನು ಬೆಸೆದ ಕಬ್ಬಿಣದ ಕೊಂಡಿಗಳು ತುಕ್ಕು ಹಿಡಿದು ಉಬ್ಬಿ ಬಿರುಕನ್ನು ಇನ್ನಷ್ಟು ಹಿಗ್ಗಿಸಿದವು. ನಮ್ಮ ಹಳೆಯ ಆರ್‌ಸಿಸಿ ಮನೆಗಳ ಸೂರಿನಿಂದ ಸಿಮೆಂಟು ಉದುರುವುದೂ ಇದೇ ಕಾರಣಕ್ಕೆ. 1925ರಿಂದ 1930ರವರೆಗೆ ಗುಮ್ಮಟದ ಕೆಳಗಿನ ಭಾಗವನ್ನು ಮುಚ್ಚಿ, ಕಂಬಗಳೊಳಗೆ ಸಿಮೆಂಟಿನ ತಿಳಿಯನ್ನು ಒತ್ತಡದಿಂದ ತುಂಬಿಸಿ, ತುಕ್ಕು ಹಿಡಿಯದ ಉಕ್ಕಿನ ಹೊಸ ಸರಪಳಿ ಬಿಗಿದರು. ಹತ್ತು ವರ್ಷದ ಬಳಿಕ ಎರಡನೇ ಮಹಾಯುದ್ಧದ ಬಾಂಬುಗಳು ಬಿದ್ದಾಗ ಕಟ್ಟಡ ತಡೆದುಕೊಂಡದ್ದನ್ನು ನೆನೆಯುವವರು ಈ ದುರಸ್ತಿಯನ್ನು ಮರೆಯುತ್ತಾರೆ.

ರೆನ್ ಲಂಡನ್ನಿನದನ್ನು ಕಟ್ಟುತ್ತಿದ್ದ ದಶಕಗಳಲ್ಲೇ ಮ್‌ದಿನಾದಲ್ಲಿ ಎದ್ದ ಸೇಂಟ್ ಪಾಲ್ ಕೆಥೆಡ್ರಲ್ ನೋಡಿ. ಪೌಲರ ಹಡಗು ಒಡೆದು ಅವರು ದಡ ಸೇರಿದ್ದು ಮಾಲ್ಟಾದಲ್ಲಿ ಎಂದು ‘ಅಪೊಸ್ತಲರ ಕೃತ್ಯಗಳು’ 28ನೇ ಅಧ್ಯಾಯ ಹೇಳುತ್ತದೆ. ಅವರನ್ನು ಸತ್ಕರಿಸಿದ ಪುಬ್ಲಿಯಸ್‌ನ ಮನೆ ಇದ್ದ ಜಾಗವೇ ಇದು ಎಂಬುದು ಸ್ಥಳೀಯ ಪರಂಪರೆ. ಹಳೆಯ ಕಟ್ಟಡ 1693ರ ಜನವರಿಯಲ್ಲಿ ಸಿಸಿಲಿಯನ್ನು ನಡುಗಿಸಿದ ಭೂಕಂಪಕ್ಕೆ ಜಖಂಗೊಂಡಿತು. ಲೊರೆಂಜೊ ಗಫಾ 1696ರಲ್ಲಿ ಹೊಸದನ್ನು ಆರಂಭಿಸಿ 1705ರ ಹೊತ್ತಿಗೆ ಗುಮ್ಮಟ ಮುಗಿಸಿದರು. ಎಂಟು ಮೂಲೆಯ ಎತ್ತರದ ಕತ್ತು, ಅದರ ಮೇಲೆ ಎಂಟು ಕಲ್ಲಿನ ಸುರುಳಿಗಳು, ಸ್ಥಳೀಯ ಜೇನುಬಣ್ಣದ ಸುಣ್ಣಕಲ್ಲು. ಲಂಡನ್ನಿನಲ್ಲೂ ಗುಮ್ಮಟ, ಇಲ್ಲೂ ಗುಮ್ಮಟ. ಅದು ಆ ಕಾಲದ ರುಚಿಯೇ ಹೊರತು ಸಂತನ ಅಪ್ಪಣೆಯಲ್ಲ.

ಕೋಲ್ಕತ್ತದಲ್ಲಿ ಮೊದಲು ಸೇಂಟ್ ಜಾನ್ ಚರ್ಚೇ ಕೆಥೆಡ್ರಲ್ ಆಗಿತ್ತು. ಜನ ಹೆಚ್ಚಿದಂತೆ ಜಾಗ ಸಾಲದೆ ಬಿಷಪ್ ಡೇನಿಯಲ್ ವಿಲ್ಸನ್ 1839ರಲ್ಲಿ ಹೊಸದಕ್ಕೆ ಅಡಿಗಲ್ಲು ಹಾಕಿಸಿದರು, 1847ರಲ್ಲಿ ಪ್ರತಿಷ್ಠೆಯಾಯಿತು. ನಕ್ಷೆ ಸೇನೆಯ ಎಂಜಿನಿಯರ್ ವಿಲಿಯಂ ನೈರ್ನ್ ಫೋರ್ಬ್ಸ್ ಅವರದು. ಕಂಬಗಳ ಸಾಲಿಲ್ಲದ ಅಗಲವಾದ ಒಂದೇ ಸಭಾಂಗಣ, ಮೇಲೆ ಗಾಥಿಕ್ ಕುಸುರಿ ಹೊತ್ತ ಕಬ್ಬಿಣದ ತೊಲೆಕಟ್ಟು, ಹಗುರ ಇಟ್ಟಿಗೆ, ಚುನಾರ್ ಕಲ್ಲಿನ ಹೊದಿಕೆ, ನುಣುಪು ಸುಣ್ಣದ ಗಾರೆ. ಶಿಖರದ ಮಾದರಿ ಇಂಗ್ಲೆಂಡಿನ ನಾರ್ವಿಚ್ ಕೆಥೆಡ್ರಲ್. 1897ರ ಭೂಕಂಪದಲ್ಲಿ ಆ ಶಿಖರ ಹಾಳಾಯಿತು, ಸರಿಮಾಡಿದರು. 1934ರ ಬಿಹಾರ–ನೇಪಾಳ ಭೂಕಂಪದಲ್ಲಿ ಬಿದ್ದೇಹೋಯಿತು. ಊರು ನಿಂತಿರುವ ಮೆಕ್ಕಲು ಮಣ್ಣು ನಡುಕವನ್ನು ಹೆಚ್ಚಿಸುತ್ತದೆ. ಗೋಪುರದ ನೆತ್ತಿಯ ಮೇಲೆ ನಿಂತ ಸಪೂರ ಶಿಖರ ಚಾವಟಿಯ ತುದಿಯಂತೆ ತೊನೆಯುತ್ತದೆ. ಮತ್ತೆ ಕಟ್ಟುವಾಗ ಶಿಖರದ ಆಸೆ ಬಿಟ್ಟು, ಕ್ಯಾಂಟರ್ಬರಿಯ ‘ಬೆಲ್ ಹ್ಯಾರಿ’ ಗೋಪುರದ ಮಾದರಿಯಲ್ಲಿ ಚೌಕ ಗೋಪುರವನ್ನೇ ಎಬ್ಬಿಸಿದರು. ನೀವು ಅಚ್ಚುಹಾಕಿದ್ದು ಇದನ್ನು. ಗಮನಿಸಿ: ಕ್ಯಾಂಟರ್ಬರಿ ಕ್ರಿಸ್ತನ ಹೆಸರಿನದು, ನಾರ್ವಿಚ್ ತ್ರಿತ್ವದ ಹೆಸರಿನದು. ಎರಡೂ ಪೌಲರವಲ್ಲ. ಒಳಗೆ ಹೋದವರು ಪಶ್ಚಿಮದ ಕಿಟಕಿ ನೋಡದೆ ಬರಬಾರದು. ಅಂಡಮಾನಿನಲ್ಲಿ 1872ರಲ್ಲಿ ಕೊಲೆಯಾದ ವೈಸರಾಯ್ ಲಾರ್ಡ್ ಮೇಯೊ ಸ್ಮರಣೆಗೆ ಎಡ್ವರ್ಡ್ ಬರ್ನ್-ಜೋನ್ಸ್ ರೂಪಿಸಿದ ಬಣ್ಣದ ಗಾಜು ಅದು.

ಮೆಲ್ಬರ್ನ್‌ನದೂ ಗಾಥಿಕ್. ವಿಲಿಯಂ ಬಟರ್‌ಫೀಲ್ಡ್ ಇಂಗ್ಲೆಂಡಿನಲ್ಲಿ ಕುಳಿತೇ ನಕ್ಷೆ ಕಳಿಸಿದರು, ಮನಸ್ತಾಪವಾಗಿ 1884ರಲ್ಲಿ ಕೈಬಿಟ್ಟರು, ಜೋಸೆಫ್ ರೀಡ್ ಮುಂದುವರಿಸಿದರು, 1891ರಲ್ಲಿ ಪ್ರತಿಷ್ಠೆ. ಮೂರು ಶಿಖರಗಳು ಜಾನ್ ಬಾರ್ ಅವರ ನಕ್ಷೆಯಂತೆ 1926–32ರಲ್ಲಿ ಸೇರಿದವು. ಅವಕ್ಕೆ ಸಿಡ್ನಿಯ ಮರಳುಗಲ್ಲು ಬಳಸಿದ್ದರಿಂದ ಕೆಳಗಿನ ಗೋಡೆಗೂ ಶಿಖರಕ್ಕೂ ಬಣ್ಣ ಹೊಂದುವುದಿಲ್ಲ. ಬೀದಿಗಳ ಚೌಕಟ್ಟಿಗೆ ಹೊಂದಿಸಿದ್ದರಿಂದ ವಾಡಿಕೆಯ ಪೂರ್ವ–ಪಶ್ಚಿಮದ ಬದಲು ಕಟ್ಟಡ ಹೆಚ್ಚುಕಡಿಮೆ ಉತ್ತರ–ದಕ್ಷಿಣಕ್ಕೆ ಮಲಗಿದೆ.

ಲಂಡನ್ನಿನ ಸೇಂಟ್ ಪಾಲ್‌ನ ಛಾಯೆಯ ಕೆಥೆಡ್ರಲ್ ಬೇಕೆಂದರೆ ಬೆಂಗಳೂರಿನಲ್ಲೇ ಇದೆ. ಮಹಾತ್ಮ ಗಾಂಧಿ ರಸ್ತೆಯ ತುದಿಯಲ್ಲಿ, 1808ರಲ್ಲಿ ಆರಂಭವಾಗಿ 1927ರಲ್ಲಿ ಮರುರೂಪ ಪಡೆದ, ಗುಮ್ಮಟದ ಕಟ್ಟಡ. ಅದಕ್ಕೆ ಸ್ಫೂರ್ತಿ ರೆನ್ ಅವರ ಕಟ್ಟಡವೇ. ಪಾಲಕ ಸಂತ ಮಾತ್ರ ಪೌಲರಲ್ಲ, ಮಾರ್ಕ.

ತಿದ್ದುಪಡಿ ಹಾಕುವಾಗ ಚಿತ್ರದ ಅಡಿಬರಹದಲ್ಲಿ ಸಂತನ ಹೆಸರಿನ ಜೊತೆ ಊರಿನ ಹೆಸರನ್ನೂ ಕಟ್ಟಿದ ವರ್ಷವನ್ನೂ ಕೊಡಿ.

— ವಾಸ್ತುಶಿಲ್ಪ ಕಲಿಸುವ ಇಬ್ಬರು ಓದುಗರು, ಬೆಂಗಳೂರು